ಕಾಯಂ ಆಗೋ ತನಕ

ಸಂಬಳದ ಮಾತು ಎತ್ತಿದ ಕಡೆಯೆಲ್ಲ ಏನಾದರೊಂದು ನಗುವ ಸಂಗತಿ ಆಗಿಯೇ ಆಗುತ್ತದೆ. ಸಂಬಳ ಮಾತ್ರ ಆಗುವುದಿಲ್ಲ. ಇದು ನಾನು ಕಂಡುಕೊಂಡದ್ದು.

ನನ್ನ ಓದು ಕಮ್ಮಿ. ನಾಲ್ಕನೇ ಕ್ಲಾಸಿಗೆ ಬಿಟ್ಟೆ. ಎಚ್.ಡಿ. ಕೋಟೆ ಕಡೆ, ಬೀಚನಹಳ್ಳಿ ಹತ್ತಿರ ನಮ್ಮ ಮನೆ. ನದಿಯ ಅಣೆಕಟ್ಟೆಯ ಮೇಲೆ ದಿನಗೂಲಿಯಾಗಿದ್ದೆ. ನೀರು ಬಿಡುವ ಬಾಗಿಲಿಗೆ ಗ್ರೀಸು ಹಚ್ಚುವುದು, ಏರಿಯ ಹುಲ್ಲು ಸವರುವುದು, ಕಾಲುವೆಯ ತೂಬು ತಿರುಗಿಸುವುದು. ಕೆಲಸ ಸರ್ಕಾರದ್ದು. ನಾನು ಸರ್ಕಾರದವನಲ್ಲ. ಕೆಲಸ ಮಾಡಿದ ದಿನಕ್ಕೆ ಕೂಲಿ, ಜ್ವರ ಬಂದ ದಿನಕ್ಕೆ ಬರೀ ಜ್ವರ.

ಪ್ರತಿ ವರ್ಷ ಬೆಂಗಳೂರಿನಲ್ಲಿ ಬಜೆಟ್ಟು ಆಗುವಾಗ, ನಮ್ಮಂಥವರನ್ನು ಕಾಯಂ ಮಾಡಿ ತಿಂಗಳ ಸಂಬಳಕ್ಕೆ ಹಾಕಬೇಕು ಅಂತ ಒಂದು ಮಾತು ಬರುತ್ತಿತ್ತು. ಒಬ್ಬರು ಕೊಡಬೇಕು ಅನ್ನುತ್ತಿದ್ದರು. ಇನ್ನೊಬ್ಬರು ಬೊಕ್ಕಸ ಬರಿದಾಗುತ್ತದೆ ಅನ್ನುತ್ತಿದ್ದರು. ಮೂರನೆಯವರು ಎದ್ದು ಆಚೆ ಹೋಗುತ್ತಿದ್ದರು. ಮಾತು ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

ನನಗೆ ಅದರ ಆಸೆ ಅಷ್ಟಿರಲಿಲ್ಲ. ಆಸೆ ಇದ್ದದ್ದು ನನ್ನ ಹೆಂಡತಿಗೆ. ಅವಳ ತವರು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆ. ಗದ್ದೆ ಸೀಮೆಯವಳು. ಗಂಟಲು ಜೋರು, ಯೋಚನೆ ದೂರದ್ದು. ನಾನು ಅವಳಿಗಿಂತ ಬಹಳ ದೊಡ್ಡವನು. ಬೀಡಿ ಬೇರೆ. ಕೆಮ್ಮು ಬೇರೆ. ನಾನೇ ಮೊದಲು ಸಾಯುವವನು ಅಂತ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಕಾಯಂ ಆದವನು ಸತ್ತರೆ ಹೆಂಡತಿಗೆ ಪಿಂಚಣಿ ಬರುತ್ತದೆ. ದಿನಗೂಲಿ ಸತ್ತರೆ ಹೆಂಡತಿಗೆ ಅವನ ಕಂಬಳಿ.

"ನೀನ್ ಸಾಯೋದ್ರೊಳ್ಗೆ ಒಂದ್ ಕಾಯಂ ಆಗ್ಬುಡಯ್ಯ," ಅನ್ನುತ್ತಿದ್ದಳು, ಮುದ್ದೆ ಕಟ್ಟುತ್ತಾ. "ಆಮೇಲ್ ನಾನು ಯಾರ್ ಬಾಗ್ಲಲ್ಲೂ ನಿಂತ್ಕಳಾಂಗಿರಬಾರ್ದು."

ಸಾವಿನ ಮಾತನ್ನು ಪಕ್ಕದ ಮನೆಯಲ್ಲಿ ಉಪ್ಪು ಕೇಳುವ ಹಾಗೆ ಆಡುತ್ತಿದ್ದಳು.

ಅವಳ ತೀರ್ಮಾನ ತಪ್ಪಿತು. ಅವಳು ಹೋಗಿ ಎರಡು ಮುಂಗಾರು ಕಳೆದವು. ಈ ಕಥೆಗಳನ್ನೆಲ್ಲ ಜಗಲಿ ಮೇಲೆ ಕೂತು ಹೇಳುತ್ತಿದ್ದವಳು ಅವಳೇ. ನಾನು ಪಕ್ಕದಲ್ಲಿ ಹೂಂಗುಟ್ಟುತ್ತಿದ್ದೆ. ಈಗ ಹೂಂಗುಟ್ಟುತ್ತಿದ್ದವನೇ ಹೇಳಬೇಕಾಗಿದೆ. ನಗು ಬಾರದಿದ್ದರೆ ತಪ್ಪು ನನ್ನದು, ಕಥೆಯದ್ದಲ್ಲ.

೧. ಹರಕೆಯ ಹುಂಜ

ಒಂದು ವರ್ಷ, ಬಜೆಟ್ಟಿಗೆ ಮುಂಚೆ, ಈ ಸಲ ದಿನಗೂಲಿಗಳ ವಿಷಯ ಖಂಡಿತ ಬರುತ್ತದೆ ಅಂತ ರೇಡಿಯೋದಲ್ಲಿ ಹೇಳಿದರು. ನಮ್ಮವಳು ಅದನ್ನು ನಂಬಿದಳು. ನಂಬಿದವಳು ಸುಮ್ಮನಿರಲಿಲ್ಲ. ಆಗ ತಾನೇ ಕೂಗಲು ಕಲಿತಿದ್ದ ಒಂದು ಕೆಂಪು ಹುಂಜದ ಕಾಲಿಗೆ ಅರಿಸಿನದ ದಾರ ಕಟ್ಟಿದಳು. "ಇವ್ನ ಕೆಲ್ಸ ಕಾಯಂ ಆಗ್ಲಿ ತಾಯಿ, ಇದು ನಿಂದೇ," ಅಂತ ಮಾರಮ್ಮನಿಗೆ ಹರಕೆ ಹೊತ್ತಳು.

ಹರಕೆಗೆ ಬಿಟ್ಟ ಹುಂಜವನ್ನು ಮಾರುವ ಹಾಗಿಲ್ಲ. ಕೊಯ್ಯುವ ಹಾಗಿಲ್ಲ. ಬಯ್ಯುವ ಹಾಗೂ ಇಲ್ಲ.

ಬಜೆಟ್ಟು ಬಂತು. ಸದನದಲ್ಲಿ ಜಗಳ ಆಯಿತು. ನಮ್ಮ ವಿಷಯ ಮುಂದಕ್ಕೆ ಹೋಯಿತು. ಹುಂಜದ ಆಯಸ್ಸೂ ಮುಂದಕ್ಕೆ ಹೋಯಿತು.

ಮಾರನೆ ವರ್ಷವೂ ಹಾಗೇ. ಅದರ ಮಾರನೆ ವರ್ಷ ಬಜೆಟ್ಟೇ ಅರ್ಧ ಆಯಿತು, ಉಳಿದರ್ಧ ಆಮೇಲೆ ಅಂದರು. ಹುಂಜ ಕೊಬ್ಬಿತು. ತನ್ನನ್ನು ಯಾರೂ ಮುಟ್ಟುವ ಹಾಗಿಲ್ಲ ಅನ್ನುವುದು ಅದಕ್ಕೆ ಹೇಗೋ ಗೊತ್ತಾಗಿತ್ತು. ಬೀದಿಯಲ್ಲಿ ಒಣಹಾಕಿದ ರಾಗಿಯನ್ನೆಲ್ಲ ಕೆದರಿ ತಿನ್ನುತ್ತಿತ್ತು. ಓಡಿಸಲು ಹೋದವರ ಮೊಣಕಾಲಿಗೆ ಹಾರುತ್ತಿತ್ತು. ದೇವರ ಹುಂಜ. ಕಲ್ಲು ಹೊಡೆಯಲು ಎಲ್ಲರಿಗೂ ಭಯ.

ನಮ್ಮ ಸಂಬಳದ ಬಗ್ಗೆ ನಮಗಿಂತ ಹೆಚ್ಚು ಕಾಳಜಿ ಬೀದಿಯವರಿಗೆ ಹುಟ್ಟಿತು. ಪಕ್ಕದ ಮನೆ ಅಜ್ಜಿ ದಿನಾ ಕೇಳುತ್ತಿದ್ದಳು: "ಯಾವಾಗ್ಲಪ್ಪ ನಿನ್ ಕೆಲ್ಸ ಕಾಯಂ ಆಗಾದು? ನಮ್ ರಾಗಿ ಉಳೀಬೇಕು ಕಣಪ್ಪ."

ರೇಡಿಯೋ ಇಲ್ಲದವರೂ ಸುದ್ದಿ ತಿಳಿದುಕೊಳ್ಳುವುದು ಹುಂಜದಿಂದಲೇ ಆಯಿತು. ಬಸ್ಸಿಳಿದವರು ದೂರದಿಂದಲೇ ಕೂಗುತ್ತಿದ್ದರು.

"ಹುಂಜ ಅದಾ?"

"ಅದೆ."

"ಅಂಗಾರೆ ಈ ಸಲವೂ ಆಗಿಲ್ಲ ಬುಡು."

ವರ್ಷಗಳು ಹೋದವು. ಹುಂಜದ ಬಾಲದ ಗರಿ ಉದುರಿತು. ದನಿ ಒಡೆಯಿತು. ಬೆಳಗ್ಗೆ ಕೂಗುವುದು ಮರೆತು ಮಧ್ಯಾಹ್ನ ಕೂಗುತ್ತಿತ್ತು. ಗೋಡೆ ಹತ್ತಲು ಹೋಗಿ ಬೀಳುತ್ತಿತ್ತು. ನಮ್ಮವಳು ಅದಕ್ಕೆ ನುಚ್ಚು ನೆನೆಸಿ ಇಡುತ್ತಿದ್ದಳು. ಕಾಳು ನುಂಗಲು ಅದಕ್ಕೆ ಆಗುತ್ತಿರಲಿಲ್ಲ. ಬೀದಿಯವರಿಗೂ ಕೋಪ ಹೋಗಿತ್ತು. ಅಜ್ಜಿ ತಾನೇ ಕರೆದು ರಾಗಿ ಹಾಕುತ್ತಿದ್ದಳು.

ಒಂದು ದಿನ ಕುಕ್ಕೆ ಎತ್ತಿದರೆ ಹುಂಜ ಸತ್ತಿತ್ತು. ಇವಳು ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಳು. ಹಿತ್ತಲ ನುಗ್ಗೆ ಮರದ ಬುಡದಲ್ಲಿ ಮಣ್ಣು ಮಾಡಿದಳು. ಕೈ ತೊಳೆದುಕೊಂಡು ಒಳಗೆ ಬಂದು ನನ್ನ ಕಡೆ ನೋಡದೆ ಅಂದಳು:

"ಪಾಪ. ಕಾಯಂ ಆಗ್ದಲೇ ರಿಟೈರ್ ಆಗೋಯ್ತು."

೨. ಅಂಗಿ ಮತ್ತು ಟವಲು

ಕಾಯಂ ಆದವರಿಗೂ ಸುಖ ಇರಲಿಲ್ಲ. ಒಂದು ವರ್ಷ ಅವರ ಸಂಬಳ ಏರಿಸುವ ಮಾತಿಗೆ ಸದನದಲ್ಲಿ ಒಮ್ಮತ ಆಗಲಿಲ್ಲ. ನೌಕರರೆಲ್ಲ ಮುಷ್ಕರಕ್ಕೆ ಕೂತರು. ನಮ್ಮಂಥ ದಿನಗೂಲಿಗಳಿಗೆ ಮುಷ್ಕರ ಮಾಡುವ ಯೋಗ್ಯತೆ ಇರಲಿಲ್ಲ. ಒಂದು ದಿನ ಕೂತರೆ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಕಾಲುವೆಯ ತೂಬು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ನಮ್ಮ ಕಡೆ ನೌಕರರ ಸಂಘದ ಅಧ್ಯಕ್ಷ ಅಂದರೆ ಕಟ್ಟೆಯ ಮೇಲೇ ಕೆಲಸ ಮಾಡುತ್ತಿದ್ದ ಒಬ್ಬ ಕಾಯಂ ಆಸಾಮಿ. ಎಲ್ಲರೂ ಸಂಘದಣ್ಣ ಅನ್ನುತ್ತಿದ್ದೆವು. ಒಳ್ಳೆಯವನು. ಅವನ ಗದ್ದೆ ನಮ್ಮ ಕಾಲುವೆಯ ಕೆಳಗೇ ಇತ್ತು. ಮುಷ್ಕರ ಬಂದದ್ದು ನಾಟಿಯ ಹೊತ್ತಿನಲ್ಲಿ.

ಮುಷ್ಕರದ ಮೊದಲ ಬೆಳಗ್ಗೆ ಸಂಘದಣ್ಣ ಬಂದ. ಮಂಡಿ ತನಕ ಕೆಸರು. ತಲೆಗೆ ಟವಲು.

"ಲೇ, ತೂಬ್ ಒಂಚೂರ್ ಎತ್ಲಾ. ಮಡಿ ಒಣ್ಗೋಯ್ತಾ ಅದೆ."

ಎತ್ತಿದೆ.

ಬಿಸಿಲೇರಿದ ಮೇಲೆ ಒಂದು ಜೀಪು ಬಂತು. ಬಾವುಟ, ಮೈಕು. ಇಸ್ತ್ರಿ ಅಂಗಿ ಹಾಕಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸಂಘದಣ್ಣನೇ ಇಳಿದ. "ಮುಷ್ಕರ ಮುರಿದವರಿಗೆ ಧಿಕ್ಕಾರ!" ಅಂತ ಕೂಗಿಸಿದ. ಆಮೇಲೆ ನನ್ನ ಹತ್ತಿರ ಬಂದ.

"ಯಾರ್ ಎತ್ತುದ್ದು ಇದ? ಮುಚ್ಚು ಮೊದ್ಲು!"

ಮುಚ್ಚಿದೆ. ಚಪ್ಪಾಳೆ ಹೊಡೆದು ಹೋದರು.

ಸಂಜೆ ಮತ್ತೆ ಬಂದ. ಟವಲು, ಕೆಸರು.

"ಯಾಕ್ಲಾ ಮುಚ್ದೆ?"

"ನೀವೇ ಯೋಳುದ್ರಲ್ಲಣ್ಣ."

"ಅದು ಅಧ್ಯಕ್ಷ ಯೋಳಿದ್ದು ಕಣೋ. ನಾನ್ ಯೋಳುದ್ನಾ?"

ಮನೆಗೆ ಬಂದು ಇವಳಿಗೆ ಹೇಳಿದೆ. ನನಗೆ ಸಂಕಟ. ಯಾರ ಮಾತು ಕೇಳಬೇಕು? ಎತ್ತಿದರೆ ಮುಷ್ಕರದವರು ಹೊಡೆಯುತ್ತಾರೆ, ಎತ್ತದಿದ್ದರೆ ಗದ್ದೆಯವರು ಹೊಡೆಯುತ್ತಾರೆ. ಇಬ್ಬರೂ ಒಬ್ಬನೇ. ಇವಳು ಒಲೆಗೆ ಸೌದೆ ತಳ್ಳುತ್ತಾ ಯೋಚಿಸಿದಳು.

"ನೀನ್ ಮೊಕ ನೋಡ್ಬ್ಯಾಡ ಕಣಯ್ಯ. ಬಟ್ಟೆ ನೋಡು. ಟವಲ್ ಬಂದ್ರೆ ಎತ್ತು, ಅಂಗಿ ಬಂದ್ರೆ ಮುಚ್ಚು."

ಹಾಗೇ ಮಾಡಿದೆ. ಮುಷ್ಕರ ಮುಗಿಯುವ ತನಕ ನನಗೂ ತೊಂದರೆ ಆಗಲಿಲ್ಲ, ಅವನಿಗೂ ಆಗಲಿಲ್ಲ. ಅವನು ಸುಳ್ಳ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಸಂಬಳವೂ ಬೇಕು, ಭತ್ತವೂ ಬೇಕು. ಎರಡೂ ಹೋಗುವುದು ಒಂದೇ ಹೊಟ್ಟೆಗೆ.

ಒಂದೇ ಒಂದು ದಿನ ತಡಬಡಾಯಿಸಿದೆ. ಅವತ್ತು ಅವನು ಇಸ್ತ್ರಿ ಅಂಗಿಯ ಮೇಲೆ ಟವಲು ಹೊದ್ದು ಬಂದಿದ್ದ.

ತೂಬನ್ನು ಅರ್ಧ ಎತ್ತಿದೆ.

೩. ಹುಣಸೂರಿನ ಮೆರವಣಿಗೆ

ಕಾಯಂ ಆದವರು ಹೋರಾಡಿ ಅಷ್ಟೋ ಇಷ್ಟೋ ಪಡೆದರು. ಅದನ್ನು ನೋಡಿ ದಿನಗೂಲಿಗಳಿಗೂ ಹುರುಪು ಬಂತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ನಾಲ್ಕು ತಾಲ್ಲೂಕಿನವರೂ ಸೇರಿ ಹುಣಸೂರಿನಲ್ಲಿ ಮೆರವಣಿಗೆ ಮಾಡುವುದು ಅಂತಾಯಿತು. ಕೂಲಿ ಹೋದರೆ ಹೋಗಲಿ, ಒಂದು ದಿನ. ಮುಂದಾಳು ನಮ್ಮ ಸಂಘದಣ್ಣನೇ. ಅವನಿಗೆ ಮೈಕು ಹಿಡಿಯುವ ಅಭ್ಯಾಸ ಆಗಿಹೋಗಿತ್ತು.

ಆ ಸಲ ಸರ್ಕಾರದವರು ನಮಗೆ ಕೊಡುತ್ತೇವೆ ಅಂದಿದ್ದರು. ವಿರೋಧ ಪಕ್ಷದವರು ಅಡ್ಡ ಹಾಕಿದ್ದರು. ಹಾಗಾಗಿ ಘೋಷಣೆ ಸುಲಭ. "ಸರ್ಕಾರಕ್ಕೆ ಜಯವಾಗಲಿ! ವಿರೋಧ ಪಕ್ಷಕ್ಕೆ ಧಿಕ್ಕಾರ!" ಬಸ್‌ಸ್ಟ್ಯಾಂಡಿನಿಂದ ಹೊರಟೆವು. ಉದ್ದ ಸಾಲು. ಮುಂದೆ ಆಟೋದಲ್ಲಿ ಸಂಘದಣ್ಣ. ನಾನು ನಡುವೆ. ಹೆಂಗಸರು ಹಿಂದೆ. ಇವಳೂ ಅಲ್ಲಿದ್ದಳು. ಹಿಂದಿನಿಂದ ಬರುತ್ತಿದ್ದ ಜಯಕಾರದಲ್ಲಿ ಯಾವುದು ಅವಳ ದನಿ ಅಂತ ನನಗೆ ಗೊತ್ತಾಗುತ್ತಿತ್ತು.

ಅರ್ಧ ದಾರಿಯಲ್ಲಿ ಒಬ್ಬ ಎಸ್‌ಟಿಡಿ ಬೂತಿನಿಂದ ಓಡಿ ಬಂದು ಸಂಘದಣ್ಣನ ಕಿವಿಯಲ್ಲಿ ಏನೋ ಹೇಳಿದ. ಬೆಂಗಳೂರಿನಲ್ಲಿ ಸರ್ಕಾರ ಬದಲಾಗಿತ್ತು. ಕೆಲವರು ಈ ಕಡೆಯಿಂದ ಆ ಕಡೆಗೆ ಹೋಗಿ, ಆ ಕಡೆಯವರು ಈ ಕಡೆಗೆ ಬಂದಿದ್ದರು. ನಮಗೆ ಅಡ್ಡ ಹಾಕಿದವರೇ ಈಗ ಸರ್ಕಾರ.

ಸಂಘದಣ್ಣ ಒಂದು ಸಲ ಕೆಮ್ಮಿದ. ಮೈಕು ಬಾಯಿಗೆ ತಂದ. "ಸರ್ಕಾರಕ್ಕೆ ಧಿಕ್ಕಾರ!" ಅಂದ.

ಮುಂದಿನವರು ಅದನ್ನೇ ಕೂಗಿದರು. ಹಿಂದಿನವರಿಗೆ ಏನೂ ಗೊತ್ತಿಲ್ಲ. ಅವರು "ಸರ್ಕಾರಕ್ಕೆ ಜಯವಾಗಲಿ!" ಅನ್ನುತ್ತಲೇ ಬಂದರು. ಎರಡೂ ಬಂದು ಸೇರುವ ಜಾಗದಲ್ಲಿ ನಾನಿದ್ದೆ. ನನ್ನ ಮುಂದಿನವನು ಧಿಕ್ಕಾರ ಅಂದ, ಹಿಂದಿನವನು ಜಯ ಅಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇನ್ನೂ ಜೋರಾಗಿ ಕೂಗಿದರು.

ಬಂದೋಬಸ್ತಿಗೆ ಬಂದಿದ್ದ ಪೊಲೀಸಿನವನು ನನ್ನ ತೋಳು ಹಿಡಿದ. "ಏನ್ರಯ್ಯ, ನೀವು ಸರ್ಕಾರದ ಪರನೋ, ವಿರೋಧನೋ? ನಾನು ಸಾಹೇಬ್ರಿಗೆ ಏನಂತ ಹೇಳ್ಲಿ?"

ಅಷ್ಟರಲ್ಲಿ ಇವಳು ಸಾಲು ಸೀಳಿಕೊಂಡು ಬಂದಳು.

"ಏನಂತೆ?"

ಹೇಳಿದೆ. ಆ ಕಡೆಯವರು ಈ ಕಡೆಗೆ ಬಂದರು, ಈ ಕಡೆಯವರು ಆ ಕಡೆಗೆ ಹೋದರು.

"ಅಂಗಾರೆ ಈಗ ಕೊಡ್ಬೇಕು ಅನ್ನೋರು ಯಾರು?"

"ಕೊಡೋ ಜಾಗದಲ್ಲಿ ಇಲ್ದೇ ಇರೋರು."

"ಕೊಡಕ್ಕಾಗಕಿಲ್ಲ ಅನ್ನೋರು?"

"ಕೊಡೋ ಜಾಗದಲ್ಲಿ ಇರೋರು."

"ನಾಳೆ ಇವ್ರು ಅಲ್ಲಿಗ್ ಹೋದ್ರೆ?"

"ಇವ್ರೂ ಅಂಗೇ ಅಂದಾರು."

"ಅಂಗಾರೆ ತಪ್ಪು ಜನದ್ದಲ್ಲ ಕಣಯ್ಯ. ಅವ್ರು ಕೂತ್ಕಳಾ ಕುರ್ಚಿದು," ಅಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೂಗಿದಳು:

"ಕುರ್ಚಿಗೆ ಧಿಕ್ಕಾರ!"

ಧಿಕ್ಕಾರದವರಿಗೂ ಅದು ಹಿಡಿಸಿತು, ಜಯದವರಿಗೂ ಹಿಡಿಸಿತು. ಮೆರವಣಿಗೆ ಮತ್ತೆ ಒಂದಾಯಿತು. ತಾಲ್ಲೂಕು ಕಚೇರಿ ತನಕ ಅದೊಂದೇ ಕೂಗು.

ತಹಸೀಲ್ದಾರರು ಬಾಗಿಲಿಗೇ ಬಂದು ನಮ್ಮ ಮನವಿ ತೆಗೆದುಕೊಂಡರು. ನಾವು ಆಡಿದ್ದನ್ನೆಲ್ಲ ನಿಂತುಕೊಂಡೇ ಕೇಳಿದರು. ಹಿಂದೆ ಕುರ್ಚಿ ತಂದು ಇಟ್ಟರೂ ಕೂರಲಿಲ್ಲ. ಧೈರ್ಯ ಸಾಲಲಿಲ್ಲ ಅಂತ ಕಾಣುತ್ತದೆ.

೪. ಒಂದೇ ಚಪ್ಪರ

ನಮ್ಮ ಶಾಸಕರು ಕೆಟ್ಟವರಲ್ಲ. ಎಲ್ಲರಿಗೂ ಒಳ್ಳೆಯದನ್ನೇ ಹೇಳುವವರು. ತೊಂದರೆ ಆದದ್ದು ಅದರಿಂದಲೇ.

ಒಂದು ದಿನ ಬೆಳಗ್ಗೆ ಕೋಟೆಯಲ್ಲಿ ನೌಕರರ ಸಭೆ. ಚಪ್ಪರ ಹಾಕಿದ್ದರು. ಶಾಸಕರು ಬಂದು ಹಾರ ಹಾಕಿಸಿಕೊಂಡು ಹೇಳಿದರು: "ಈ ಬಜೆಟ್ಟಿನಲ್ಲಿ ದಿನಗೂಲಿ ನೌಕರರನ್ನು ಕಾಯಂ ಮಾಡದಿದ್ದರೆ ನಾನು ಸದನದಲ್ಲಿ ಕೂರುವುದಿಲ್ಲ."

ಚಪ್ಪಾಳೆ ಹೊಡೆದೆವು.

ಮಧ್ಯಾಹ್ನ ಅದೇ ಚಪ್ಪರದಲ್ಲಿ ರೈತರ ಸಭೆ. ಬಟ್ಟೆಯ ಫಲಕ ಮಾತ್ರ ಬದಲಾಯಿಸಿದರು. ಊಟ ಇದ್ದದ್ದು ಮಧ್ಯಾಹ್ನದ ಸಭೆಗೆ. ಹಾಗಾಗಿ ನಾವು ಯಾರೂ ಎದ್ದು ಹೋಗಿರಲಿಲ್ಲ. ಮೋಸ ಏನಿಲ್ಲ. ನಮ್ಮಲ್ಲಿ ನೌಕರನಿಗೂ ಒಂದಿಷ್ಟು ಹೊಲ ಇರುತ್ತದೆ.

ಶಾಸಕರು ಮತ್ತೆ ಬಂದರು. ಮತ್ತೆ ಹಾರ. "ರೈತನಿಗೆ ತಿಂಗಳ ಸಂಬಳ ಕೊಡುವವರು ಯಾರು? ಇರುವುದನ್ನೆಲ್ಲ ನೌಕರರಿಗೇ ಹಂಚಿದರೆ ಕಾಲುವೆ ದುರಸ್ತಿಗೆ ಏನು ಉಳಿಯುತ್ತದೆ? ಸದನದಲ್ಲಿ ನಾನು ಇದನ್ನು ಬಿಡುವುದಿಲ್ಲ," ಅಂದರು.

ಚಪ್ಪಾಳೆ ಹೊಡೆದೆವು. ಅದೇ ಕೈಗಳು.

ಮಾತಿನ ನಡುವೆ ಅವರ ಕಣ್ಣು ಮುಂದಿನ ಸಾಲಿನಲ್ಲಿದ್ದ ನನ್ನ ಮೇಲೆ ಬಿತ್ತು. "ನಿಮ್ಮನ್ನ ಬೆಳಗ್ಗೆ ನೋಡಿದಂಗಿದೆಯಲ್ಲ?"

"ನೋಡುದ್ರಿ ಸ್ವಾಮಿ. ಆಗ ನೌಕರ. ಈಗ ರೈತ."

ಇವಳು ಎದ್ದು ನಿಂತಳು. ನಾನು ಸೆರಗು ಎಳೆದೆ. "ಕೂತ್ಕಳಮ್ಮಿ," ಅಂದೆ. ಕೂರಲಿಲ್ಲ.

"ಸ್ವಾಮಿ, ಒಂದ್ ಮಾತು. ಬೆಳಗ್ಗೆ ಕೊಡುಸ್ತೀನಿ ಅಂದ್ರಿ. ಈಗ ಕೊಡಬಾರ್ದು ಅಂತೀರಿ. ಇವ್ನ್ಗೆ ಕೆಮ್ಮು ಜಾಸ್ತಿ ಆಯ್ತಾ ಅದೆ. ಯಾವ್ದಾರ ಒಂದ್ ಯೋಳ್ಬುಡಿ. ನ್ಯಾಯವಾಗಿ ನಾನ್ ಇವ್ನ್ನ ಎಲ್ಲಿಗಂಟ ಕಾಪಾಡ್ಕಂಡಿರ್ಬೇಕು ಅಂತ ಗೊತ್ತಾಗ್ಲಿ."

ಚಪ್ಪರದಲ್ಲಿ ನಗು. ಶಾಸಕರೂ ನಕ್ಕರು. ಅವರು ಜಾಣರು.

"ನೋಡಮ್ಮ, ಇಲ್ಲಿ ಆಡೋದೆಲ್ಲ ಬಿಡು. ನಿಜವಾಗ್ಲೂ ಏನ್ ಮಾತಾಡ್ತೀನಿ ಅಂತ ಸದನಕ್ಕೇ ಬಂದು ನೋಡು. ಪಾಸು ನಾನು ಕೊಡಿಸ್ತೀನಿ."

ಬರುವುದಿಲ್ಲ ಅಂತ ತಿಳಿದು ಆಡಿದ ಮಾತು ಅದು. ಇವಳು ಕೈ ಮುಗಿದಳು.

"ಬತ್ತೀನಿ ಸ್ವಾಮಿ. ಬೆಳಗ್ಗೆ ಬರ್ಲಾ, ಮಧ್ಯಾಹ್ನ ಬರ್ಲಾ?"

೫. ಸದನದಲ್ಲಿ ಕೂಗು

ಹೋದೆವು. ನಾನು ಬೇಡ ಅಂದಿದ್ದೆ. ಅವಳು ಪಾಸು ತರಲು ಶಾಸಕರ ಮನೆ ಮುಂದೆ ಹೋಗಿ ಕೂತಳು. ಕೊಟ್ಟರು.

ಬಸ್ಸಿನಲ್ಲಿ ಇಡೀ ದಾರಿ ನಿದ್ದೆ ಮಾಡಲಿಲ್ಲ. ನಮ್ಮ ವಿಷಯಕ್ಕೆ ಬೇಡ ಅನ್ನುವವರ ಮುಖ ಒಂದು ಸಲ ನೋಡಬೇಕು ಅನ್ನುತ್ತಿದ್ದಳು. "ನೋಡಿ ಏನ್ ಮಾಡ್ತೀಯ?" ಅಂದೆ. "ಏನಿಲ್ಲ. ಅವ್ರಿಗೂ ಹೆಂಡ್ತಿ ಇದ್ದಾಳಾ ಅಂತ ನೋಡ್ತೀನಿ," ಅಂದಳು. ಮುಖ ನೋಡಿದರೆ ಅದು ಹೇಗೆ ಗೊತ್ತಾಗುತ್ತದೆ ಅಂತ ನಾನು ಕೇಳಲಿಲ್ಲ.

ವಿಧಾನಸೌಧದ ಬಾಗಿಲಲ್ಲಿ ಪೊಲೀಸಿನವರು ಅವಳ ರೊಟ್ಟಿ ಗಂಟನ್ನು ಇಟ್ಟುಕೊಂಡರು. ಮೇಲೆ, ಜನ ಕೂತು ನೋಡುವ ಜಾಗದಲ್ಲಿ ಕೂರಿಸಿದರು. ಮಾತಾಡಬಾರದು, ಚಪ್ಪಾಳೆ ಹೊಡೆಯಬಾರದು, ಬಗ್ಗಿ ನೋಡಬಾರದು ಅಂದರು. ದೇವಸ್ಥಾನದಲ್ಲಿ ಕೂತ ಹಾಗೆ ಕೈ ಕಟ್ಟಿ ಕೂತಳು.

ಕೆಳಗೆ ನಮ್ಮದೇ ವಿಷಯ ನಡೆಯುತ್ತಿತ್ತು. ಒಬ್ಬರು ಎದ್ದು, ಹತ್ತಾರು ವರ್ಷ ದುಡಿಸಿಕೊಂಡವರನ್ನು ಬೀದಿಯಲ್ಲಿ ಬಿಟ್ಟಿದ್ದೀರಿ ಅಂದರು. ಇನ್ನೊಬ್ಬರು ಎದ್ದು, ನೀವಿದ್ದಾಗ ಯಾಕೆ ಮಾಡಲಿಲ್ಲ ಅಂದರು. ನೀವು ಬಿಟ್ಟರಲ್ಲವೇ ಮಾಡುವುದು ಅಂದರು ಅವರು. ಇಬ್ಬರೂ ಒಟ್ಟಿಗೆ ಮಾತಾಡಿದರು. ನಾಲ್ಕು ಜನ ಎದ್ದರು. ಕೂತುಕೊಳ್ಳಿ, ಕೂತುಕೊಳ್ಳಿ ಅಂತ ಮೇಲಿನ ಪೀಠದಿಂದ ಹೇಳುತ್ತಿದ್ದರು. ನಮ್ಮ ಶಾಸಕರು ಯಾವುದೋ ಪುಸ್ತಕ ತಿರುವುತ್ತಾ ಕೂತಿದ್ದರು.

"ನಮ್ಮೋರು ಯಾಕ್ ಎದ್ದೇ ಇಲ್ಲ?" ಅಂತ ನನ್ನ ಕಿವಿಯಲ್ಲಿ ಕೇಳಿದಳು.

"ಇನ್ನೂ ಮಧ್ಯಾಹ್ನ ಆಗಿಲ್ಲ," ಅಂದೆ.

ಜಗಳ ಎಳೆಯಿತು. ಕೇಳಿ ಕೇಳಿ ಸದಸ್ಯರಿಗೂ ಸಾಕಾಯಿತು. ಒಬ್ಬೊಬ್ಬರೇ ಎದ್ದು ಆಚೆ ಹೋದರು. ಮೇಲೆ ಫ್ಯಾನಿನ ಗಾಳಿ. ಪ್ರಯಾಣದ ಸುಸ್ತು. ಇವಳು ಕೂತಲ್ಲೇ ನಿದ್ದೆ ಹೋದಳು. ತಲೆ ನನ್ನ ಭುಜದ ಮೇಲೆ. ನಾಲ್ಕು ಜನರ ಮುಂದೆ ಅವಳು ಹಾಗೆ ಒರಗಿದ್ದು ಅದೊಂದೇ ಸಲ. ನಾನು ಅಲುಗಾಡಲಿಲ್ಲ.

ಇಲ್ಲಿ ನಮ್ಮ ಕೆಲಸದ ಒಂದು ಸಂಗತಿ ಹೇಳಬೇಕು. ಮಳೆಗಾಲದಲ್ಲಿ ಕಟ್ಟೆ ತುಂಬಿದರೆ ಬಾಗಿಲು ಎತ್ತಿ ನದಿಗೆ ನೀರು ಬಿಡುತ್ತಾರೆ. ಎತ್ತುವ ಮುಂಚೆ ಉದ್ದಕ್ಕೆ ಗಂಟೆ ಬಾರಿಸುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ ನಾನು ನದಿ ಪಾತ್ರದ ಉದ್ದಕ್ಕೂ ಕೂಗಿಕೊಂಡು ಓಡಬೇಕು. ಕೆಳಗೆ ದನ ಮೇಯುತ್ತಿರುತ್ತವೆ. ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಆಚೆ ದಡದಲ್ಲಿ ಕಾಡಿನವರ ಹಾಡಿಯ ಮಕ್ಕಳು ಮೀನು ಹಿಡಿಯುತ್ತಿರುತ್ತವೆ. ಕೂಗಲು ಹಾಕಿದ್ದು ಒಬ್ಬನನ್ನು. ನದಿಗೆ ದಡ ಎರಡು. ಹಾಗಾಗಿ ಮದುವೆಯಾಗಿ ಬಂದ ವರ್ಷದಿಂದಲೂ ಈಚೆ ದಡ ಅವಳದು. ನಾನು ಸೇತುವೆ ದಾಟಿ ಆಚೆ ದಡಕ್ಕೆ ಓಡುತ್ತಿದ್ದೆ. ಅವಳು ಹಿಟ್ಟಿನ ಕೈಯಲ್ಲೇ ಈಚೆ ಓಡುತ್ತಿದ್ದಳು. ಮೊದಮೊದಲು ನನಗಾಗಿ ಓಡಿದಳು. ಆಮೇಲೆ ಅದು ಅವಳ ರಕ್ತಕ್ಕೆ ಇಳಿಯಿತು. ಗಂಟೆ ಬಿದ್ದರೆ ಅವಳು ಎಚ್ಚರ ಆಗುವ ಮೊದಲೇ ಅವಳ ಗಂಟಲು ಎಚ್ಚರ ಆಗುತ್ತಿತ್ತು.

ಸದನದಲ್ಲಿ ಜನ ಕಮ್ಮಿಯಾದರೆ, ಆಚೆ ಹೋದವರನ್ನು ಕರೆಯಲು ಗಂಟೆ ಬಾರಿಸುತ್ತಾರೆ. ಅದು ನನಗೆ ಗೊತ್ತಿರಲಿಲ್ಲ. ಅವತ್ತು ಬಾರಿಸಿದರು. ಉದ್ದಕ್ಕೆ.

ನನ್ನ ಭುಜದ ಮೇಲಿನ ತಲೆ ಎದ್ದಿತು. ನಾನು ಕೈ ಹಿಡಿಯುವಷ್ಟರಲ್ಲಿ ಅವಳು ನಿಂತಾಗಿತ್ತು. ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು, ನದಿ ದಡದಲ್ಲಿ ಕೂಗುವ ಹಾಗೇ ಕೂಗಿದಳು:

"ನೀರ್ ಬತ್ತಾ ಅದೇ... ದನ ಈಚ್ಗ್ ಹೊಡ್ಕಳ್ರಪ್ಪೋ... ಎಲ್ರೂ ಮೇಲಕ್ ಹತ್ಕಳ್ರಪ್ಪೋ..."

ಗಂಟೆ ಅವಳ ಮುಂದೆ ಏನೂ ಅಲ್ಲ. ಸದನ ಗಪ್ಪಾಯಿತು. ಜಗಳ ಆಡುತ್ತಿದ್ದ ಇಬ್ಬರೂ ಬಾಯಿ ತೆರೆದು ಮೇಲೆ ನೋಡಿದರು. ಒಬ್ಬ ಹಿರಿಯ ಸದಸ್ಯರು ಪಂಚೆ ಎತ್ತಿ ಕಟ್ಟಿಕೊಂಡು ಬೆಂಚಿನ ಮೇಲೆ ಒಂದು ಕಾಲು ಇಟ್ಟೇಬಿಟ್ಟರು. ಅವರೂ ಎಲ್ಲೋ ನದಿ ದಡದವರೇ ಇರಬೇಕು.

ಮೊದಲು ಅವರನ್ನು ನೋಡಿ ಒಬ್ಬರು ನಕ್ಕರು. ಆಮೇಲೆ ಆ ಕಡೆ, ಈ ಕಡೆ, ಎಲ್ಲ ನಗು. ಮೇಲಿನ ಪೀಠದಲ್ಲಿದ್ದವರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು.

ನಮ್ಮ ಹತ್ತಿರ ಯಾರೂ ನಗುತ್ತಿರಲಿಲ್ಲ. ಬಿಳಿ ಬಟ್ಟೆಯ ಕಾವಲಿನವರು ಬಂದು ಇಬ್ಬರನ್ನೂ ಎಬ್ಬಿಸಿಕೊಂಡು ಹೋದರು. ಒಂದು ಸಣ್ಣ ಕೋಣೆ. ಒಬ್ಬ ಅಧಿಕಾರಿ. ಇವಳಿಗೆ ಆಗ ಪೂರ್ತಿ ಎಚ್ಚರವಾಗಿತ್ತು. ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ತಿರುಗಿ, "ನಾನು ನಿನ್ ಕೆಲ್ಸ ಕಳ್ದುಬುಟ್ನಾ?" ಅಂದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ.

"ಯಾವ ಪಕ್ಷದವಳಮ್ಮ ನೀನು?" ಅಂದರು ಅಧಿಕಾರಿ.

"ಪಕ್ಷ ಗಿಕ್ಷ ಇಲ್ಲ ಸ್ವಾಮಿ. ಕಟ್ಟೆ ಕೆಳಗಿನೋಳು."

"ಯಾಕೆ ಕೂಗಿದೆ?"

"ಗಂಟೆ ಹೊಡುದ್ರಲ್ಲ. ಕೂಗ್ದೆ ಇದ್ರೆ ಯಾರ್ದಾರ ದನ ಕೊಚ್ಕಂಡ್ ಹೋದ್ರೆ?"

"ನಿಜ ಹೇಳು. ಯಾರು ದುಡ್ಡು ಕೊಟ್ಟು ಕೂಗಿಸಿದ್ದು?"

ಇವಳಿಗೆ ಅದುವರೆಗೆ ಇದ್ದ ಭಯ ಹೋಯಿತು. ಬೆನ್ನು ನೆಟ್ಟಗಾಯಿತು.

"ಯಾರೂ ಕೊಟ್ಟಿಲ್ಲ ಸ್ವಾಮಿ. ಮದ್ವೆ ಆದಾಗ್ಲಿಂದ ಪುಕ್ಸಟ್ಟೆ ಕೂಗಿವ್ನಿ. ಅದ್ನ ಕೇಳಾನ ಅಂತ್ಲೇ ಬಂದಿರಾದು."

ಅಧಿಕಾರಿ ಗೋಡೆ ಕಡೆ ತಿರುಗಿಕೊಂಡರು. ಭುಜ ಅಲುಗುತ್ತಿತ್ತು. ಅವರೂ ನೌಕರರೇ ತಾನೇ. ಅವರ ಸಂಬಳವೂ ಅದೇ ಬಜೆಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. ನಮಗೆ ಕೂರಲು ಹೇಳಿದರು. ಟೀ ತರಿಸಿದರು. ಬಾಗಿಲಲ್ಲಿ ಇಟ್ಟುಕೊಂಡಿದ್ದ ರೊಟ್ಟಿ ಗಂಟನ್ನೂ ತರಿಸಿಕೊಟ್ಟರು.

ಟೀ ಅರ್ಧ ಆಗಿರಲಿಲ್ಲ. ಶಾಸಕರು ಏದುಸಿರು ಬಿಡುತ್ತಾ ಬಂದರು. ಬಯ್ಯುತ್ತಾರೆ ಅಂತ ನಾನು ಎದ್ದು ನಿಂತೆ.

"ಏನಮ್ಮಾ ತಾಯಿ!" ಅಂದರು. "ಆ ಕಡೆಯೋರು ಈ ಕಡೆಯೋರು ಒಟ್ಟಿಗೆ ನಕ್ಕುಬಿಟ್ರಲ್ಲಮ್ಮ. ಅಷ್ಟು ನಕ್ಕ ಮೇಲೆ ಮತ್ತೆ ಕಿತ್ತಾಡಕ್ಕೆ ಯಾರಿಗೂ ಮುಖ ಬರಲಿಲ್ಲ. ಹ್ಞೂಂ ಅಂದ್ಬಿಟ್ರು. ಪಾಸಾಯ್ತು. ನಿನ್ನ ಗಂಡ ಕಾಯಂ."

ಅವಳ ಕೂಗಿನಿಂದಲೇ ಆಯಿತೋ, ಹೇಗೂ ಆಗುತ್ತಿತ್ತೋ, ನನಗೆ ತಿಳಿಯದು. ದೊಡ್ಡವರ ವಿಷಯ.

ಇವಳು ಲೋಟ ಕೆಳಗಿಟ್ಟಳು. ಶಾಸಕರಿಗೆ ಕೈ ಮುಗಿದಳು. ಆಮೇಲೆ ನನ್ನನ್ನು ತಲೆಯಿಂದ ಕಾಲಿನ ತನಕ ಒಂದು ಸಲ ನೋಡಿದಳು. ಎಷ್ಟೋ ವರ್ಷದಿಂದ ಹಿಡಿದುಕೊಂಡಿದ್ದ ಉಸಿರನ್ನು ಬಿಟ್ಟಳು.

"ಸದ್ಯ," ಅಂದಳು. "ಇನ್ ನೀನ್ ಯಾವಾಗ್ ಸತ್ರೂ ಚಿಂತೆ ಇಲ್ಲ ಕಣಯ್ಯ. ಕುಡಿ, ಟೀ ಆರೋಯ್ತಾ ಅದೆ."